ಅಮ್ಮನ ಟ್ರಂಕು ಮತ್ತು ಪ್ಯಾರಿಸಿನ ಒಂದು ಪ್ರಶ್ನೆ



ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತ ನಿಂತಿದ್ದಾಗ ನಮ್ಮ ನೌಪಾಡಾದ ಹುಡುಗಿಯೊಬ್ಬಳು ಹತ್ತಿರ ಬಂದು ಒಂದು ದೂರು ಹೇಳಿದಳು. "ಆಂಟೀ, ನಾನು ಕಾಲೇಜಿನಲ್ಲಿ ಫ್ರೆಂಚ್ ತಗೊಂಡಿದ್ದೇನೆ. ಅಜ್ಜಿಗೆ ಸಿಟ್ಟು. ಕನ್ನಡದ ಅಕ್ಷರವೇ ಗೊತ್ತಿಲ್ಲದವಳಿಗೆ ಸಮುದ್ರದಾಚೆಯ ಭಾಷೆ ಎಂತಕ್ಕೆ ಅಂತ ಕೇಳ್ತಾರೆ." ಪಕ್ಕದಲ್ಲಿದ್ದ ಹುಡುಗ ನಕ್ಕು, "ಮಾರ್ಕ್ಸ್ ಬರ್ತದೆ ಅಂತ ಹೇಳು" ಎಂದ. ಎಲ್ಲರೂ ನಕ್ಕೆವು. ಆದರೆ ಮನೆಗೆ ಬಂದ ಮೇಲೂ ಆ ಅಜ್ಜಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಿಮ್ಮಲ್ಲಿ ಅನೇಕರು ಅಂಕಗಳಿಗಾಗಿಯೇ ಫ್ರೆಂಚ್ ಆರಿಸಿಕೊಳ್ಳುತ್ತೀರಿ ಎಂಬುದು ನನಗೆ ಗೊತ್ತು. ತಪ್ಪೇನಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಆ ಪುಸ್ತಕ ಮೂಲೆ ಸೇರುತ್ತದೆ ಎಂಬುದು ಮಾತ್ರ ಬೇಸರದ ಸಂಗತಿ. ನನಗೆ ಫ್ರೆಂಚ್ ಬಾರದು. ಆ ಭಾಷೆಯಲ್ಲಿ ಬರೆದ ಕೆಲವರನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದೇನೆ, ಅಷ್ಟೇ. ಆ ಓದಿನಿಂದ ನಾನು ಪ್ಯಾರಿಸನ್ನು ಎಷ್ಟು ತಿಳಿದುಕೊಂಡೆನೋ ಹೇಳಲಾರೆ. ನೌಪಾಡಾದ ನಮ್ಮ ಎರಡು ಖೋಲಿಗಳ ಮನೆಯಲ್ಲಿ ನಾನೇ ಮಾಡಿದ ಒಂದು ತಪ್ಪು ಮಾತ್ರ ಸ್ಪಷ್ಟವಾಗಿ ಕಂಡಿತು. ಈ ತಿಂಗಳು ಆ ತಪ್ಪಿನ ಕಥೆಯನ್ನೇ ಹೇಳುತ್ತೇನೆ.

ಮೊದಲು ಪ್ಯಾರಿಸಿನ ಮಾತು. 1973ರಲ್ಲಿ ಅಲ್ಲಿನ ಜುಸ್ಸ್ಯೂ ಪ್ರದೇಶದ ವಿಶ್ವವಿದ್ಯಾನಿಲಯದಲ್ಲಿ ಮಿಶೆಲ್ ಪೆರೋ ಎಂಬ ಅಧ್ಯಾಪಕಿ ತಮ್ಮ ಇಬ್ಬರು ಸಹೋದ್ಯೋಗಿಗಳಾದ ಫಾಬಿಯೆನ್ ಬಾಕ್ ಮತ್ತು ಪೋಲೀನ್ ಶ್ಮಿಟ್ ಅವರ ಜೊತೆಗೂಡಿ ಒಂದು ಹೊಸ ಪಾಠಕ್ರಮ ಆರಂಭಿಸಿದರು. ಅದರ ಹೆಸರೇ ಒಂದು ಪ್ರಶ್ನೆ: ಹೆಂಗಸರಿಗೆ ಇತಿಹಾಸವೆಂಬುದು ಇದೆಯೇ? ಗಮನಿಸಿ, ಇದೆ ಎಂದು ಸಾರುವ ಧೈರ್ಯ ಆಗ ಅವರಿಗೂ ಇರಲಿಲ್ಲ. ಕಲಿಸಲು ಸಿದ್ಧವಾದ ಪುಸ್ತಕಗಳಿರಲಿಲ್ಲ. ಮೊದಲು ಸಮಾಜಶಾಸ್ತ್ರಜ್ಞರನ್ನು, ಆಮೇಲೆ ಇತಿಹಾಸಕಾರರನ್ನು ಕರೆಸಿ ಮಾತಾಡಿಸುತ್ತ ಪಾಠ ನಡೆಸಿದರು.

1928ರಲ್ಲಿ ಹುಟ್ಟಿದ ಪೆರೋ ಅದಕ್ಕೆ ಮೊದಲು ಹತ್ತೊಂಬತ್ತನೆಯ ಶತಮಾನದ ಕಾರ್ಮಿಕರ ಮುಷ್ಕರಗಳ ಬಗ್ಗೆ ದೊಡ್ಡ ಪ್ರಬಂಧ ಬರೆದವರು. ಹಳೆಯ ಕಡತಗಳಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಪೊಲೀಸರು, ನ್ಯಾಯಾಲಯದವರು, ಸರಕಾರಿ ಗುಮಾಸ್ತರು ಬರೆದಿಟ್ಟ ಕಾಗದಗಳಲ್ಲಿ ಹೆಂಗಸು ಬರುವುದು ಏನಾದರೂ ಗಲಾಟೆಯಾದಾಗ ಮಾತ್ರ. ದಿನದಿನದ ಬದುಕನ್ನು ನಡೆಸಿಕೊಂಡು ಹೋದವಳ ಸುಳಿವೇ ಅಲ್ಲಿರುವುದಿಲ್ಲ. ಮುಂದೆ ಪೆರೋ ಅವರು ಜಾರ್ಜ್ ದ್ಯುಬಿ ಎಂಬ ಖ್ಯಾತ ಇತಿಹಾಸಕಾರರ ಜೊತೆ ಸೇರಿ ಪಾಶ್ಚಾತ್ಯ ಜಗತ್ತಿನ ಹೆಂಗಸರ ಇತಿಹಾಸವನ್ನು ಐದು ಸಂಪುಟಗಳಲ್ಲಿ ಹೊರತಂದರು. ಫ್ರೆಂಚಿನಲ್ಲಿ ಅವು ಬಂದದ್ದು 1991–92ರಲ್ಲಿ. ಪ್ರಶ್ನೆಯಾಗಿ ಹುಟ್ಟಿದ್ದು ಇಪ್ಪತ್ತು ವರ್ಷಗಳೊಳಗೆ ಐದು ದಪ್ಪ ಸಂಪುಟಗಳಾದವು.

ಪೆರೋ ಅವರ ಇನ್ನೊಂದು ಪುಸ್ತಕ 1998ರದು. ಇತಿಹಾಸದ ಮೌನಗಳು ಎಂಬ ಅರ್ಥದ ಮಾತು ಅದರ ಹೆಸರಿನಲ್ಲೇ ಇದೆ. ನನ್ನನ್ನು ತಡೆದು ನಿಲ್ಲಿಸಿದ ವಿಚಾರ ಅವರದು ಇದು: ಈ ಮೌನಕ್ಕೆ ಗಂಡಸರು ಮಾತ್ರ ಕಾರಣರಲ್ಲ. ಹೆಂಗಸರು ತಮ್ಮ ಕಾಗದಗಳನ್ನು ತಾವೇ ಸುಟ್ಟಿದ್ದಾರೆ. ಮದುವೆಯ ಮುಂಚೆ ದಿನಚರಿಯನ್ನು, ಮುಪ್ಪಿನಲ್ಲಿ ಪತ್ರಗಳನ್ನು ಕೈಯಾರೆ ನಾಶ ಮಾಡಿದ್ದಾರೆ. ನನ್ನ ಬದುಕಿನಲ್ಲಿ ಯಾರಿಗೆ ಏನು ಆಸಕ್ತಿ, ಮಕ್ಕಳ ಕೈಗೆ ಸಿಕ್ಕಿ ನಗೆಪಾಟಲಾಗುವುದೇಕೆ ಎಂಬ ಸಂಕೋಚ. ತನ್ನದು ಉಳಿಸಿಕೊಳ್ಳತಕ್ಕ ವಸ್ತುವೇ ಅಲ್ಲ ಎಂದು ಅವಳಿಗೆ ಚಿಕ್ಕಂದಿನಿಂದ ಕಲಿಸಲಾಗಿರುತ್ತದೆ. ಅವಳು ಅದನ್ನು ಚೆನ್ನಾಗಿ ಕಲಿತಿರುತ್ತಾಳೆ.

ಇದನ್ನು ಓದಿದಾಗ ನನಗೆ ನನ್ನ ಅಮ್ಮ ಕಣ್ಣೆದುರು ನಿಂತಳು.

ಅಮ್ಮ ಮದುವೆಯಾಗಿ ಊರಿನಿಂದ ನೌಪಾಡಾಕ್ಕೆ ಬಂದದ್ದು 1964ರಲ್ಲಿ. ಅಪ್ಪ ಹೊಟೇಲೊಂದರ ಗಲ್ಲೆಯಲ್ಲಿ ಕುಳಿತುಕೊಳ್ಳುತ್ತಿದ್ದವರು. ಚಾಳಿನಲ್ಲಿ ಎರಡು ಖೋಲಿ, ನಡುವೆ ಒಂದು ಪರದೆ. ಅಮ್ಮ ಮನೆಯಲ್ಲೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರುತ್ತಿದ್ದಳು. ಅದರ ಲೆಕ್ಕ ಒಂದು ಉದ್ದನೆಯ ಪುಸ್ತಕದಲ್ಲಿ. ಹಾಲಿನ ಲೆಕ್ಕ ಕ್ಯಾಲೆಂಡರಿನ ಹಾಳೆಯ ಮೇಲೆ. ಊರಿನಿಂದ ಅಜ್ಜಿ ಬರೆಸಿ ಕಳಿಸುತ್ತಿದ್ದ ನೀಲಿ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಬೇರೆ. ಇವೆಲ್ಲ ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿದ್ದವು.

2011ರಲ್ಲಿ ನಮ್ಮ ಚಾಳು ರಿಡೆವಲಪ್‌ಮೆಂಟಿಗೆ ಹೋಯಿತು. ನೌಪಾಡಾದ ಹಳೆಯ ಕಟ್ಟಡಗಳು ಒಂದೊಂದಾಗಿ ಹೀಗೆ ಹೋದದ್ದನ್ನು ನೀವೂ ನೋಡಿದ್ದೀರಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಟ್ರಂಕು ತೆರೆದೆ. "ಅಮ್ಮಾ, ಇದನ್ನೆಲ್ಲ ಏನು ಮಾಡಲಿ?" ಎಂದು ಕೇಳಿದೆ. ಅಮ್ಮ ಒಮ್ಮೆ ನೋಡಿ, "ಅದರಲ್ಲಿ ಎಂತ ಉಂಟು ಮಗಾ? ರದ್ದಿಗೆ ಹಾಕು" ಎಂದಳು. ನಾನು ಹಾಕಿದೆ. ರದ್ದಿಯವನು ತೂಗಿ ಹಣ ಕೊಟ್ಟ. ಆ ಹಣದಲ್ಲಿ ಸಾಮಾನು ಹೊತ್ತವರಿಗೆ ಚಹಾ ತರಿಸಿದೆವು. ಅಪ್ಪನ ಸನ್ಮಾನ ಪತ್ರ, ಶಾಲು ಹೊದಿಸಿದ ಫೋಟೋ, ಹೊಟೇಲು ಯೂನಿಯನ್ನಿನ ಕಾರ್ಡು ಮಾತ್ರ ಹೊಸ ಫ್ಲ್ಯಾಟಿನ ಗೋಡೆಗೂ ಕಪಾಟಿಗೂ ಜೋಪಾನವಾಗಿ ಬಂದವು.

ಅಮ್ಮ ತೀರಿಕೊಂಡದ್ದು 2016ರಲ್ಲಿ. ಮರು ವರ್ಷ ಸ್ಮರಣ ಸಂಚಿಕೆಯೊಂದಕ್ಕೆ ಊರು ಬಿಟ್ಟು ಬಂದ ಮೊದಲ ತಲೆಮಾರಿನವರ ಪರಿಚಯ ಬರೆದುಕೊಡಿ ಎಂದು ಕೇಳಿದರು. ಅಪ್ಪನ ಬಗ್ಗೆ ಎರಡು ಪುಟ ಬರೆದೆ. ಯಾವ ವರ್ಷ ಎಲ್ಲಿ ಕೆಲಸ, ಯಾವ ಸಮಿತಿಯಲ್ಲಿ ಸದಸ್ಯತ್ವ, ಎಲ್ಲಕ್ಕೂ ಕಾಗದದ ಆಧಾರವಿತ್ತು. ಅಮ್ಮನ ಬಗ್ಗೆ ಬರೆಯಲು ಕುಳಿತರೆ ನಾಲ್ಕು ಸಾಲಿಗೆ ಪೆನ್ನು ನಿಂತುಹೋಯಿತು. ಶ್ರಮಜೀವಿ, ಸಹನಾಮೂರ್ತಿ, ಅತಿಥಿಗಳಿಗೆ ಅನ್ನಪೂರ್ಣೆ, ಇಷ್ಟೇ. ಇವು ಯಾರ ಅಮ್ಮನಿಗೂ ಹೊಂದುವ ಮಾತುಗಳು. ಅವಳು ಎಷ್ಟು ಹಪ್ಪಳ ಮಾರಿದಳು, ಆ ಹಣದಲ್ಲಿ ಯಾರ ಫೀಸು ಕಟ್ಟಿದಳು, ಮೊದಲ ಮಳೆಗಾಲದಲ್ಲಿ ಈ ಊರು ಅವಳಿಗೆ ಹೇಗೆ ಕಂಡಿತು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಪುಸ್ತಕವನ್ನು ನಾನೇ ಕಿಲೋ ಲೆಕ್ಕದಲ್ಲಿ ಮಾರಿದ್ದೆ.

ಒಂದು ಮಾತು ಯೋಚಿಸಿ. ನಮ್ಮ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದದ್ದು 1853ರ ಏಪ್ರಿಲ್ 16ರಂದು. ಬೋರಿಬಂದರಿನಿಂದ ಹೊರಟ ಆ ರೈಲಿಗೆ ಹದಿನಾಲ್ಕು ಡಬ್ಬಿಗಳು, ಸುಮಾರು ನಾನೂರು ಮಂದಿ ಆಹ್ವಾನಿತರು, ಎಳೆಯಲು ಮೂರು ಎಂಜಿನುಗಳು. ಆ ಎಂಜಿನುಗಳ ಹೆಸರು ಕೂಡ ಉಳಿದಿವೆ: ಸಾಹಿಬ್, ಸಿಂಧ್, ಸುಲ್ತಾನ್. ನಿಮ್ಮ ಶಾಲೆಯ ರಸಪ್ರಶ್ನೆಗಳಲ್ಲಿ ಇದನ್ನು ಕೇಳುತ್ತಾರೆ. ಎಂಜಿನಿನ ಹೆಸರು ನೆನಪಿಡುವುದು ಒಳ್ಳೆಯದೇ. ಆದರೆ ನಿಮ್ಮ ಮುತ್ತಜ್ಜಿಯ ಹೆಸರು ಹೇಳಿ ಎಂದರೆ ನಿಮ್ಮಲ್ಲಿ ಎಷ್ಟು ಜನ ಕೈ ಎತ್ತುತ್ತೀರಿ?

ನೆನಪು ಹೀಗೆ ಏಕೆ ಒಂದು ಕಡೆ ಗಟ್ಟಿಯಾಗಿ ಇನ್ನೊಂದು ಕಡೆ ಸೋರಿಹೋಗುತ್ತದೆ? ಇದಕ್ಕೆ ಉತ್ತರ ಹುಡುಕಿದವರು ಫ್ರಾನ್ಸಿನ ಮತ್ತೊಬ್ಬ ವಿದ್ವಾಂಸರಾದ ಮೋರಿಸ್ ಹಾಲ್ಬ್‌ವಾಕ್ಸ್. 1877ರಲ್ಲಿ ಹುಟ್ಟಿದ ಅವರು ಸಮಾಜಶಾಸ್ತ್ರಜ್ಞರು. ನೆನಪಿಗೆ ಸಮಾಜವು ಹಾಕಿಕೊಡುವ ಚೌಕಟ್ಟುಗಳ ಬಗ್ಗೆ ಅವರ ಪುಸ್ತಕ ಬಂದದ್ದು 1925ರಲ್ಲಿ. ನೆನಪೆಂದರೆ ಒಬ್ಬನ ತಲೆಯೊಳಗಿನ ಪೆಟ್ಟಿಗೆ ಎಂದು ನಾವು ತಿಳಿಯುತ್ತೇವೆ. ಅವರು ಹಾಗಲ್ಲ ಎಂದರು. ನಾವು ನೆನಪಿಡುವುದು ಒಂದು ಕುಟುಂಬದವರಾಗಿ, ಒಂದು ಊರಿನವರಾಗಿ, ಒಂದು ಕಸುಬಿನವರಾಗಿ. ಕೇಳುವವರು, ತಿದ್ದುವವರು, "ಹೌದಲ್ಲ, ಆ ದಿನ ಮಳೆ ಬಂದಿತ್ತು" ಎಂದು ಸೇರಿಸುವವರು ಸುತ್ತಲಿದ್ದರೆ ನೆನಪು ಉಳಿಯುತ್ತದೆ. ಆ ಗುಂಪು ಚದುರಿದರೆ ನೆನಪೂ ಚದುರುತ್ತದೆ.

ಅವರು ಕೊಟ್ಟ ಒಂದು ಉದಾಹರಣೆ ನನಗೆ ಬಹಳ ಹಿಡಿಸಿತು. ಲಂಡನ್ನಿಗೆ ಮೊದಲ ಬಾರಿ ಹೋದವನು ಒಬ್ಬನೇ ಬೀದಿಯಲ್ಲಿ ನಡೆಯುತ್ತಿದ್ದಾನೆ ಎನ್ನಿ. ನಿಜವಾಗಿ ಅವನು ಒಬ್ಬನೇ ಅಲ್ಲ. ಕಟ್ಟಡಗಳ ಬಗ್ಗೆ ತಿಳಿಸಿಕೊಟ್ಟ ಗೆಳೆಯ, ಇತಿಹಾಸ ಹೇಳಿದ ಇನ್ನೊಬ್ಬ, ಬಾಲ್ಯದಲ್ಲಿ ಓದಿದ ಡಿಕನ್ಸ್, ಇವರೆಲ್ಲ ಅವನ ಜೊತೆಗೆ ನಡೆಯುತ್ತಿರುತ್ತಾರೆ. ನೀವು ಸಂಜೆ ಗೋಖಲೆ ರಸ್ತೆಯಲ್ಲಿ ಒಬ್ಬರೇ ನಡೆಯುವಾಗ ನಿಮ್ಮ ಜೊತೆಗೆ ಯಾರಿರುತ್ತಾರೆ? ಮಸುಂದಾ ತಲಾವಿನ ದಂಡೆಯಲ್ಲಿ ಅಜ್ಜಿ ಮೊದಲ ಬಾರಿ ಭೇಳ್ ತಿಂದು ಖಾರಕ್ಕೆ ಕಣ್ಣೀರು ಸುರಿಸಿದ ಕಥೆ ನಿಮಗೆ ಗೊತ್ತಿದ್ದರೆ ಅಜ್ಜಿ ಜೊತೆಗಿರುತ್ತಾಳೆ. ಗೊತ್ತಿಲ್ಲದಿದ್ದರೆ ಅದು ಬರಿಯ ಒಂದು ಕೆರೆ.

ಹಾಲ್ಬ್‌ವಾಕ್ಸರ ಪ್ರಕಾರ ನೆನಪಿನ ಚೌಕಟ್ಟುಗಳಲ್ಲಿ ಎಲ್ಲಕ್ಕಿಂತ ಮೂಲವಾದದ್ದು ಭಾಷೆ. ಇದು ನಮಗೆ ತುಂಬ ಮುಖ್ಯ. ನೀವೇ ಪರೀಕ್ಷಿಸಿ ನೋಡಿ. ಅಜ್ಜಿಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ, "ನಿಮ್ಮ ಕಾಲದಲ್ಲಿ ಜೀವನ ಹೇಗಿತ್ತು" ಎಂದು ಕೇಳಿದರೆ, "ಅಚ್ಛಾ ಥಾ" ಎಂದು ಮುಗಿಸಿಬಿಡುತ್ತಾರೆ. ಅದೇ ಪ್ರಶ್ನೆಯನ್ನು ಅವರ ಕನ್ನಡದಲ್ಲಿ ಕೇಳಿ. ಕರಾವಳಿಯವರಾದರೆ ತುಳುವಿನಲ್ಲೋ ಕುಂದಾಪುರದ ಮಾತಿನಲ್ಲೋ, ಗಡಿನಾಡಿನವರಾದರೆ ವಿಜಾಪುರ, ಬೆಳಗಾವಿ ಕಡೆಯ ಮಾತಿನಲ್ಲೋ ಕೇಳಿ. ಒಂದು ಶಬ್ದ ಇನ್ನೊಂದನ್ನು ಎಳೆದು ತರುತ್ತದೆ. ಕಡೆಗೋಲು ಎಂದರೆ ಮಜ್ಜಿಗೆ, ಮಜ್ಜಿಗೆ ಎಂದರೆ ಕೊಟ್ಟಿಗೆ, ಕೊಟ್ಟಿಗೆ ಎಂದರೆ ಶಾಲೆ ಬಿಡಿಸಿದ ದಿನ. ಆ ಶಬ್ದವೇ ಇಲ್ಲದಿದ್ದರೆ ಆ ದಿನಕ್ಕೆ ಹೋಗುವ ದಾರಿಯೂ ಇಲ್ಲ. ಹೀಗಾಗಿ ಕನ್ನಡ ಕಲಿಯಿರಿ ಎಂದು ನಾವು ಹಿರಿಯರು ಗಂಟಲು ಹರಿದುಕೊಳ್ಳುವುದು ಬರಿಯ ಅಭಿಮಾನದ ಮಾತಲ್ಲ. ನಿಮ್ಮ ಮನೆಯ ಕಪಾಟಿನ ಕೀಲಿಕೈ ಅದು.

ಹಾಲ್ಬ್‌ವಾಕ್ಸರ ಕೊನೆಯನ್ನೂ ಹೇಳಬೇಕು. ಫ್ರಾನ್ಸು ಜರ್ಮನರ ವಶದಲ್ಲಿದ್ದಾಗ, 1944ರಲ್ಲಿ, ಅವರನ್ನು ಬಂಧಿಸಿ ಬುಖೆನ್‌ವಾಲ್ಡ್ ಎಂಬ ನಾತ್ಸಿ ಶಿಬಿರಕ್ಕೆ ಒಯ್ದರು. 1945ರ ಮಾರ್ಚಿಯಲ್ಲಿ ಅಲ್ಲೇ ತೀರಿಕೊಂಡರು. ಸಾಮೂಹಿಕ ನೆನಪಿನ ಬಗ್ಗೆ ಅವರು ಬರೆದಿಟ್ಟಿದ್ದ ಹಸ್ತಪ್ರತಿ ಪುಸ್ತಕವಾಗಿ ಬಂದದ್ದು 1950ರಲ್ಲಿ. ಅವರ ಕಾಗದಗಳನ್ನು ಯಾರೋ ರದ್ದಿಗೆ ಹಾಕದೆ ಕಾಪಾಡಿದ್ದರಿಂದ ಅದು ಇಂದು ನಮಗೆ ಸಿಕ್ಕಿದೆ.

ಇನ್ನು ಮೂರನೆಯವರು ಆನಿ ಎರ್ನೋ. ಇವರ ಕಥೆ ಕೇಳಿದರೆ ನಮ್ಮವರೇ ಯಾರೋ ಎನಿಸೀತು, ಏಕೆಂದರೆ ಇವರು ಹೊಟೇಲಿನವರ ಮಗಳು. 1940ರಲ್ಲಿ ಹುಟ್ಟಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಈವ್ತೋ ಎಂಬ ಸಣ್ಣ ಪಟ್ಟಣದಲ್ಲಿ ಬೆಳೆದರು. ತಂದೆ ತಾಯಿ ಮೊದಲು ಕಾರ್ಖಾನೆಯಲ್ಲಿ ದುಡಿದವರು. ಆಮೇಲೆ ಒಂದು ಕಡೆ ಕೆಫೆ, ಇನ್ನೊಂದು ಕಡೆ ಕಿರಾಣಿ ಇರುವ ಅಂಗಡಿ ನಡೆಸಿದರು. ಅಂಗಡಿಯ ನಡುವೆಯೇ ಸಂಸಾರ. ಮಗಳು ಚೆನ್ನಾಗಿ ಓದಿದಳು, ಅಧ್ಯಾಪಕಿಯಾದಳು. ಶಾಲೆಯ ಶುದ್ಧ ಫ್ರೆಂಚ್ ಅವಳ ಬಾಯಿಗೆ ಬಂದಂತೆ ಮನೆಯ ಹಳ್ಳಿ ಮಾತು ನಾಚಿಕೆ ತರತೊಡಗಿತು. ಅಪ್ಪನ ಮಾತನ್ನು ತಿದ್ದಿದರೆ ಅಪ್ಪನಿಗೆ ಸಿಟ್ಟು, ಮನೆಯಲ್ಲಿ ಜಗಳ. ಗೆಳತಿಯರ ಮುಂದೆ ಅಮ್ಮ ಜೋರಾಗಿ ಮಾತಾಡಿದಾಗ, ಅಪ್ಪ ಮರಾಠಿಯಲ್ಲಿ ತಪ್ಪು ಲಿಂಗ ಬಳಸಿದಾಗ ನಿಮಗೆ ಮುಜುಗರವಾದದ್ದುಂಟೇ? ನನಗೆ ಆಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಐವತ್ತು ವರ್ಷ ಹಿಡಿಯಿತು.

ಎರ್ನೋ ಅಧ್ಯಾಪನದ ಅರ್ಹತಾ ಪರೀಕ್ಷೆ ಪಾಸಾದ ಎರಡು ತಿಂಗಳಿಗೆ, 1967ರಲ್ಲಿ, ತಂದೆ ತೀರಿಕೊಂಡರು. ತಂದೆಯ ಬದುಕಿನ ಬಗ್ಗೆ ಅವರು ಬರೆದ ಪುಟ್ಟ ಪುಸ್ತಕ 1983ರದು. ತಾಯಿಯ ಬಗ್ಗೆ ಬರೆದದ್ದು 1988ರದು. ತಾಯಿ ಕೊನೆಗಾಲದಲ್ಲಿ ಮರೆವಿನ ರೋಗಕ್ಕೆ ತುತ್ತಾಗಿ 1986ರಲ್ಲಿ ತೀರಿಕೊಂಡಿದ್ದರು. ಆ ಪುಸ್ತಕದಲ್ಲಿ ಬರುವ ಒಂದು ಸಂಗತಿ ನಾನು ಮರೆಯಲಾರೆ. ಅಂಗಡಿಯಲ್ಲಿ ದಿನವಿಡೀ ದುಡಿಯುವ ಆ ತಾಯಿ ಪುಸ್ತಕ ಮುಟ್ಟುವ ಮುಂಚೆ ಕೈ ತೊಳೆದುಕೊಳ್ಳುತ್ತಿದ್ದರಂತೆ. ಮಹಾತಾಯಿ, ತ್ಯಾಗಮಯಿ ಎಂದು ಹತ್ತು ಪುಟ ಬರೆದರೂ ಈ ಒಂದು ಸಂಗತಿಗೆ ಸಮನಾಗದು. ನನ್ನ ಸ್ಮರಣ ಸಂಚಿಕೆಯ ನಾಲ್ಕು ಸಾಲಿನಲ್ಲಿ ಇಲ್ಲದ್ದು ಇದೇ.

ಎರ್ನೋ ಅಲಂಕಾರದ ಭಾಷೆಯನ್ನು ಬೇಕೆಂದೇ ಬಿಟ್ಟರು. ತಂದೆತಾಯಿಗೆ ಕ್ಷೇಮ ಸಮಾಚಾರ ತಿಳಿಸಲು ಬರೆಯುತ್ತಿದ್ದ ಪತ್ರಗಳ ಸರಳ ಭಾಷೆಯಲ್ಲಿಯೇ ಅವರ ಬಗ್ಗೆ ಬರೆಯುತ್ತೇನೆ ಎಂದರು. 2008ರಲ್ಲಿ ಬಂದ 'ವರ್ಷಗಳು' ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ತಮ್ಮ ಜೀವನದ ಕಥೆ ಹೇಳುತ್ತ 'ನಾನು' ಎಂಬ ಮಾತನ್ನು ದೂರವಿಟ್ಟು 'ಅವಳು', 'ನಾವು' ಎಂದು ಬರೆದರು. ಹಳೆಯ ಫೋಟೋಗಳು, ಊಟದ ಮೇಜಿನ ಹರಟೆ, ಜಾಹೀರಾತು, ಹಾಡು ಎಲ್ಲ ಸೇರಿ ಒಂದು ತಲೆಮಾರಿನ ನೆನಪು ಅದು. 2022ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. ಫ್ರಾನ್ಸಿನ ಲೇಖಕಿಯೊಬ್ಬರಿಗೆ ಸಾಹಿತ್ಯದ ನೊಬೆಲ್ ಸಿಕ್ಕಿದ್ದು ಅದೇ ಮೊದಲು. ಗಲ್ಲೆಯ ಹಿಂದೆ ಬೆಳೆದ ಹುಡುಗಿ ಆ ಗಲ್ಲೆಯನ್ನು ಮರೆಯದೆ ಬರೆದದ್ದಕ್ಕೆ ಸಿಕ್ಕ ಮನ್ನಣೆ ಎಂದು ನಾನು ಸಂತೋಷಪಟ್ಟೆ.

"ಆಂಟೀ, ಇದೆಲ್ಲ ಪರದೇಶದ ಕಥೆ, ನಮ್ಮಲ್ಲಿ ಯಾರೂ ಇಲ್ಲವೇ?" ಎಂದು ನೀವು ಕೇಳಬಹುದು. ಖಂಡಿತ ಇದ್ದಾರೆ, ಇದ್ದರು. ನಂಜನಗೂಡು ತಿರುಮಲಾಂಬಾ ಅವರ ಹೆಸರು ಕೇಳಿದ್ದೀರಾ? 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾಗಿ, ಮನೆಯಲ್ಲೇ ಓದಿದ ಹೆಂಗಸು. 1913ರಲ್ಲಿ 'ಸುಶೀಲೆ' ಎಂಬ ಕಾದಂಬರಿ ಬರೆದರು. 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ನಡೆಸಿದರು. 'ಕರ್ನಾಟಕ ನಂದಿನಿ', 'ಸನ್ಮಾರ್ಗದರ್ಶಿ' ಎಂಬ ಪತ್ರಿಕೆಗಳನ್ನು ಹೊರತಂದರು. ಇಷ್ಟೆಲ್ಲ ಮಾಡಿದವರು ಬರವಣಿಗೆ ನಿಲ್ಲಿಸಿ ದಶಕಗಳ ಕಾಲ ಮರೆವಿಗೆ ಸಂದರು. 1982ರವರೆಗೆ ಬದುಕಿದ್ದರು. ಆರ್. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ 'ಸರಸ್ವತಿ' ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಅದರ ಹಳೆಯ ಸಂಚಿಕೆಗಳು ನಿಮ್ಮ ಮುತ್ತಜ್ಜಿಯ ಕಾಲದ ಮನೆಗಳಲ್ಲಿ ಓಡಾಡಿರಬಹುದು.

ಈ ಮರೆವನ್ನು ತಡೆಯಲು ದುಡಿದವರೂ ನಮ್ಮಲ್ಲಿದ್ದಾರೆ. ಬೆಂಗಳೂರಿನ ಜಯನಗರದ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರು 'ಶಾಶ್ವತಿ' ಎಂಬ ಕೇಂದ್ರ ಕಟ್ಟಿ, ಹೆಂಗಸರು ಬಳಸಿದ ವಸ್ತುಗಳ ಸಂಗ್ರಹಾಲಯವನ್ನೇ ಮಾಡಿದರು. ತಿರುಮಲಾಂಬಾ ಅವರ ಹೆಸರಿನ ಪ್ರಶಸ್ತಿಯೂ ಅಲ್ಲಿಂದಲೇ ಬಂತು. ಹೆಂಗಸರ ನೆನಪು ಕಾಗದಕ್ಕಿಂತ ಹೆಚ್ಚಾಗಿ ಬಟ್ಟೆಬರೆ, ಪಾತ್ರೆಪಗಡಗಳಿಗೆ ಅಂಟಿಕೊಂಡಿರುತ್ತದೆ ಎಂದು ಪೆರೋ ಹೇಳುತ್ತಾರಲ್ಲ, ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ. ನಮ್ಮ ಮುಂಬಯಿಯಲ್ಲಿ, ದಹಿಸರಿನಲ್ಲಿ, 'ಸ್ಪ್ಯಾರೋ' ಎಂಬ ಸಂಗ್ರಹವಿದೆ. 'ಅಂಬೈ' ಎಂಬ ಹೆಸರಿನಿಂದ ತಮಿಳಿನಲ್ಲಿ ಕಥೆ ಬರೆಯುವ ಸಿ.ಎಸ್. ಲಕ್ಷ್ಮಿ ಮತ್ತು ಅವರ ಗೆಳತಿಯರು 1988ರಲ್ಲಿ ಸ್ಥಾಪಿಸಿದ್ದು. ಹೆಂಗಸರ ಮಾತನ್ನು ಅವರ ಬಾಯಿಂದಲೇ ಕೇಳಿ, ಧ್ವನಿಯಾಗಿ, ಚಿತ್ರವಾಗಿ ಕಾಪಾಡುವುದು ಅದರ ಕೆಲಸ. ಫ್ರೆಂಚಿನಿಂದ ಹೊರಟ ವಿಚಾರ ಕನ್ನಡಕ್ಕೆ ಬಂದೇ ಇಲ್ಲ ಎಂದೂ ತಿಳಿಯಬೇಡಿ. ಸಿಮೋನ್ ದ ಬೋವಾ 1949ರಲ್ಲಿ ಹೆಣ್ಣಿನ ಸ್ಥಿತಿಯ ಬಗ್ಗೆ ಬರೆದ ಪ್ರಸಿದ್ಧ ಗ್ರಂಥವನ್ನು ಎಚ್.ಎಸ್. ಶ್ರೀಮತಿ ಅವರು ಕನ್ನಡಕ್ಕೆ ತಂದಿದ್ದಾರೆ.

ಮುಂಬಯಿ ಕನ್ನಡಿಗರ ಇತಿಹಾಸವೆಂದರೆ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? ಬರಿಗೈಯಲ್ಲಿ ಬಂದ ಹುಡುಗ, ಹಗಲು ಹೊಟೇಲಿನಲ್ಲಿ ಲೋಟ ತೊಳೆದದ್ದು, ರಾತ್ರಿ ಶಾಲೆಯಲ್ಲಿ ಓದಿದ್ದು, ಮುಂದೆ ಮಾಲಕನೋ ವಕೀಲನೋ ಆದದ್ದು. ಇದು ನಿಜವಾದ ಕಥೆ, ಹೆಮ್ಮೆಯ ಕಥೆ. ಆ ಕನ್ನಡ ರಾತ್ರಿ ಶಾಲೆಗಳಿಗೆ ನಾವು ಎಷ್ಟು ಋಣಿಗಳಾದರೂ ಸಾಲದು. ಆದರೆ ಅದು ಬಹುಮಟ್ಟಿಗೆ ಹುಡುಗರ ಕಥೆ. ಆ ಹುಡುಗನ ತಂಗಿ ಊರಲ್ಲಿ ಏನು ಮಾಡುತ್ತಿದ್ದಳು, ಅವನನ್ನು ಮದುವೆಯಾಗಿ ಬಂದವಳು ಹತ್ತು ಅಡಿ ಖೋಲಿಯಲ್ಲಿ ಊರಿನಿಂದ ಬಂದ ಆರು ಜನ ನೆಂಟರಿಗೆ ಹೇಗೆ ಅಡಿಗೆ ಮಾಡಿದಳು, ನಲ್ಲಿ ನೀರಿಗೆ ಎಷ್ಟು ಗಂಟೆಗೆ ಎದ್ದಳು, ಪಕ್ಕದ ಮರಾಠಿ ಹೆಂಗಸಿನಿಂದ ಭಾಷೆ ಹೇಗೆ ಕಲಿತಳು, ಇವು ಸ್ಮರಣ ಸಂಚಿಕೆಗಳಲ್ಲಿ ಇಲ್ಲ. ಇವಿಲ್ಲದೆ ಆ ಹುಡುಗ ಮಾಲಕನಾಗುತ್ತಿದ್ದನೇ?

ಎರಡು ಎಚ್ಚರಿಕೆಯ ಮಾತುಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು, ನೆನಪೇ ಸತ್ಯವಲ್ಲ. ಇಂದಿನ ಅಗತ್ಯಕ್ಕೆ ತಕ್ಕಂತೆ ನಾವು ನಿನ್ನೆಯನ್ನು ಮತ್ತೆ ಕಟ್ಟಿಕೊಳ್ಳುತ್ತೇವೆ ಎಂದು ಹಾಲ್ಬ್‌ವಾಕ್ಸರೇ ಹೇಳಿದ್ದಾರೆ. ಅಜ್ಜಿಯ ಕಥೆಯಲ್ಲಿ ವರ್ಷ ತಪ್ಪಿರಬಹುದು, ಅತ್ತೆ ಇದ್ದದ್ದಕ್ಕಿಂತ ಕೆಟ್ಟವಳಾಗಿರಬಹುದು, ಊರು ಇದ್ದದ್ದಕ್ಕಿಂತ ಹಸಿರಾಗಿರಬಹುದು. ವಾದ ಮಾಡಬೇಡಿ, ಬರೆದುಕೊಳ್ಳಿ. ಆಮೇಲೆ ಚಿಕ್ಕಮ್ಮನನ್ನೂ ಕೇಳಿ, ಹಳೆಯ ಪಾಸ್‌ಬುಕ್ಕು, ರೇಶನ್ ಕಾರ್ಡು ನೋಡಿ. ಎರಡು ಮಾತು ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳಿ.

ಎರಡನೆಯದು, ಹೆಂಗಸರೆಲ್ಲ ಒಂದೇ ಅಲ್ಲ. ನನ್ನ ಅಮ್ಮನ ಹಪ್ಪಳದ ಹಿಟ್ಟು ಕುಟ್ಟಲು ಒಬ್ಬಾಕೆ ಬರುತ್ತಿದ್ದಳು. ಅವಳಿಗೆ ಅಮ್ಮ ಚಹಾ ಕೊಡುತ್ತಿದ್ದ ಲೋಟ ಬೇರೆ ಇತ್ತು, ಕಿಟಕಿಯ ಮೇಲೆ ಕವುಚಿ ಇಟ್ಟಿರುತ್ತಿದ್ದರು. ಅಮ್ಮನ ನೆನಪನ್ನು ಉಳಿಸುವ ನಾನು ಆ ಲೋಟವನ್ನು ಮರೆತರೆ ಅದೂ ಒಂದು ಬಗೆಯ ರದ್ದಿ ಮಾರಾಟವೇ. ಹೊಗಳಿಕೆಗೆ ಮಾತ್ರ ನೆನಪು ಬೇಕೆಂದರೆ ಸ್ಮರಣ ಸಂಚಿಕೆಗಳು ಸಾಕು. ನಿಮ್ಮಿಂದ ನಾನು ಹೆಚ್ಚಿನದನ್ನು ನಿರೀಕ್ಷಿಸುತ್ತೇನೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಂಶೋಧನೆ ಬೇಡ. ಈ ತಿಂಗಳು ಒಂದು ಭಾನುವಾರ, ಒಂದು ಗಂಟೆ. ಅಜ್ಜಿ, ಅಮ್ಮ, ದೊಡ್ಡಮ್ಮ, ಯಾರಾದರೂ ಸರಿ, ಹತ್ತಿರ ಕುಳಿತುಕೊಳ್ಳಿ. ಅವರನ್ನು ಕೇಳಿಯೇ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. "ನಿಮ್ಮ ಜೀವನ ಚರಿತ್ರೆ ಹೇಳಿ" ಎನ್ನಬೇಡಿ. "ನನ್ನದೆಂತ ಚರಿತ್ರೆ" ಎಂದು ಎದ್ದು ಹೋಗುತ್ತಾರೆ. ವಸ್ತುಗಳನ್ನು ಹಿಡಿದು ಕೇಳಿ. ಈ ಹಿತ್ತಾಳೆಯ ಚೆಂಬು ಯಾರು ಕೊಟ್ಟದ್ದು? ಈ ಸೀರೆ ಎಲ್ಲಿ ತೆಗೆದದ್ದು? ಮೊದಲ ಸಲ ಲೋಕಲ್ ಹತ್ತಿದ್ದು ಯಾರ ಜೊತೆ? ಶಾಲೆ ಬಿಟ್ಟದ್ದು ಎಷ್ಟನೆಯ ಕ್ಲಾಸಿಗೆ, ಬಿಡಿಸಿದ್ದು ಯಾರು? ನಿಮ್ಮ ಕೈಯಲ್ಲಿ ನಿಮ್ಮದೇ ಹಣ ಮೊದಲು ಬಂದದ್ದು ಯಾವಾಗ? ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಅವಸರ ಮಾಡಬೇಡಿ. ಹೇಳಲು ಇಷ್ಟವಿಲ್ಲದ್ದನ್ನು ಕೆದಕಬೇಡಿ. ಅವರು ಹೇಳಿದ ಮಾತನ್ನು ಅವರ ಶಬ್ದದಲ್ಲೇ ಬರೆಯಿರಿ. ಕನ್ನಡ ಅಕ್ಷರ ಬಾರದಿದ್ದರೆ ಸದ್ಯಕ್ಕೆ ದೇವನಾಗರಿಯಲ್ಲೇ ಬರೆಯಿರಿ. ಅಕ್ಷರವನ್ನು ಆಮೇಲೆ ಕಲಿಯಬಹುದು. ಅಜ್ಜಿ ಆಮೇಲೆ ಇರುತ್ತಾರೆ ಎಂದು ಹೇಳಲಾಗದು.

ಹುಡುಗರೇ, ಇದು ಹುಡುಗಿಯರ ಕೆಲಸವೆಂದು ಪುಟ ಮಗುಚಬೇಡಿ. ಅಜ್ಜಿಯ ಹತ್ತಿರ ಕುಳಿತು ಬೆಳ್ಳುಳ್ಳಿ ಸುಲಿಯುತ್ತ ಮಾತಾಡಿಸಿ ನೋಡಿ. ನಿಮ್ಮ ಅಪ್ಪನಿಗೂ ಗೊತ್ತಿಲ್ಲದ ಸಂಗತಿಗಳು ಹೊರಬಂದಾವು.

ನನ್ನ ಟ್ರಂಕಿನ ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ಅಮ್ಮ ತೀರಿಕೊಂಡು ಎರಡು ವರ್ಷದ ಮೇಲೆ ಅವಳ ದೇವರ ಪುಸ್ತಕದೊಳಗೆ ಒಂದು ಇನ್‌ಲ್ಯಾಂಡ್ ಸಿಕ್ಕಿತು. ಅಜ್ಜಿ ಪಕ್ಕದ ಮನೆಯ ಮಾಸ್ತರರ ಕೈಯಲ್ಲಿ ಬರೆಸಿದ್ದು. ಈ ವರ್ಷ ಕೆಂಪು ದನ ಕರು ಹಾಕಿತು, ತಮ್ಮನಿಗೆ ಜ್ವರ ಇಳಿಯಿತು, ನೀನು ಕಳಿಸಿದ ಇಪ್ಪತ್ತು ರೂಪಾಯಿ ಮುಟ್ಟಿತು, ಗಂಡನಿಗೆ ಗೊತ್ತಿಲ್ಲದೆ ಇನ್ನು ಕಳಿಸಬೇಡ. ಅಷ್ಟೇ. ನನ್ನ ಅಮ್ಮ ಹಪ್ಪಳ ಮಾರಿ ತವರಿಗೆ ಗುಟ್ಟಾಗಿ ಹಣ ಕಳಿಸುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಆ ಒಂದು ಸಾಲಿನಿಂದ. ಮಾರಿದ ಕಟ್ಟಿನಲ್ಲಿ ಇಂಥ ಇನ್ನೆಷ್ಟು ಸಾಲುಗಳಿದ್ದವೋ, ನಾನು ಇನ್ನು ತಿಳಿಯಲಾರೆ. ಆ ಪತ್ರ ಈಗ ಅಪ್ಪನ ಸನ್ಮಾನ ಪತ್ರದ ಪಕ್ಕದಲ್ಲೇ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದೆ.

ಫ್ರೆಂಚ್ ತೆಗೆದುಕೊಂಡ ಆ ಹುಡುಗಿಗೆ ನನ್ನ ಉತ್ತರ ಇದು. ಮಗೂ, ಫ್ರೆಂಚನ್ನು ಬಿಡಬೇಡ, ಚೆನ್ನಾಗಿ ಕಲಿ. ಮುಂದೊಂದು ದಿನ ಎರ್ನೋ ಅವರನ್ನು ನಾನು ಓದಿದಂತೆ ಇಂಗ್ಲಿಷಿನಲ್ಲಿ ಓದದೆ ಅವರದೇ ಭಾಷೆಯಲ್ಲಿ ಓದು. ಆದರೆ ಅದಕ್ಕೆ ಮೊದಲು, ಬೈಯುವ ನಿನ್ನ ಅಜ್ಜಿಯ ಪಕ್ಕದಲ್ಲಿ ಕುಳಿತು ಅವರನ್ನು ಅವರದೇ ಭಾಷೆಯಲ್ಲಿ ಕೇಳು.

ನೀವು ಕೇಳಿ ಬರೆದದ್ದನ್ನು, ಮನೆಯವರ ಒಪ್ಪಿಗೆ ಇದ್ದರೆ, ನಮ್ಮ ಪತ್ರಿಕೆಗೆ ಕಳಿಸಿ. ಎರಡು ಪುಟವಾದರೂ ಸರಿ, ಎರಡು ಸಾಲಾದರೂ ಸರಿ. ತಪ್ಪು ಕನ್ನಡವಾದರೂ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ. ಮುಂದಿನ ಸಂಚಿಕೆಯಲ್ಲಿ ಈ ಜಾಗವನ್ನು ನಾನು ನಿಮ್ಮ ಅಜ್ಜಿಯಂದಿರಿಗೆ ಬಿಟ್ಟುಕೊಡುತ್ತೇನೆ.